ಸಾಲಿಡ್ ಸ್ಟೇಟ್ ಬ್ಯಾಟರಿ: ಕ್ಯಾಥೋಡ್ ಕೆಡುವುದು ಕುಲುಮೆಯಲ್ಲಿ

ಸಾಲಿಡ್ ಸ್ಟೇಟ್ ಬ್ಯಾಟರಿ ಇನ್ನೇನು ಬಂದೇಬಿಟ್ಟಿತು ಅನ್ನೋ ಸುದ್ದಿ ಓದಿ ಓದಿ ಸಾಕಾಗಿದೆ ಅಲ್ವಾ? ಹೊಸ ವಸ್ತು, ಹೊಸ ದಾಖಲೆ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಚಾರ್ಜ್. ಅದನ್ನು ಸುಡುವ ಕುಲುಮೆಯ ಸುದ್ದಿ ಮಾತ್ರ ಅಪರೂಪ. ಗಂಟು ಬಿದ್ದಿರುವುದು ಅಲ್ಲೇ.

ಮೊಬೈಲ್ ಬ್ಯಾಟರಿಯಲ್ಲಿ ಕ್ಯಾಥೋಡ್ (ಬ್ಯಾಟರಿಯ ಧನ ಧ್ರುವ) ಪುಡಿಯ ಸಂದುಗೊಂದಿಗೆಲ್ಲ ದ್ರವ ಎಲೆಕ್ಟ್ರೋಲೈಟ್ ತಾನಾಗಿಯೇ ಇಳಿಯುತ್ತದೆ. ಲಿಥಿಯಂ ಅಯಾನುಗಳಿಗೆ ಅದೇ ದಾರಿ. ಆದರೆ ಆ ದ್ರವಕ್ಕೆ ಬೆಂಕಿ ಹತ್ತುತ್ತದೆ. ಅದರ ಜಾಗದಲ್ಲಿ ಪಿಂಗಾಣಿಯಂಥ ಗಟ್ಟಿ ವಸ್ತು ಇಡೋಣ ಎಂದರೆ, ಗಟ್ಟಿಗೆ ಗಟ್ಟಿ ಸುಮ್ನೆ ಅಂಟುವುದಿಲ್ಲ. ಗಾರೆಯಿಲ್ಲದೆ ಇಟ್ಟಿಗೆ ಜೋಡಿಸಿದ ಹಾಗೆ, ಅಲ್ಲೊಂದು ಇಲ್ಲೊಂದು ಕಡೆ ತಾಗುತ್ತದೆ ಅಷ್ಟೇ. ಪೂರ್ತಿ ಕೂಡಬೇಕಾದರೆ ಎರಡನ್ನೂ ಸೇರಿಸಿ ಸುಡಬೇಕು.

ಗಟ್ಟಿ ಎಲೆಕ್ಟ್ರೋಲೈಟಿನ ಕತೆ ಹಳೆಯದು. ಕಾಯಿಸಿದ ಸಿಲ್ವರ್ ಸಲ್ಫೈಡ್ ಎಂಬ ಗಟ್ಟಿ ವಸ್ತು ವಿದ್ಯುತ್ ಹರಿಸುತ್ತದೆ ಎಂದು ಮೈಕಲ್ ಫ್ಯಾರಡೆ 1830ರ ದಶಕದಲ್ಲೇ ಕಂಡಿದ್ದರು. 1980ರಲ್ಲಿ ಆಕ್ಸ್‌ಫರ್ಡ್‌ನ ಜಾನ್ ಗುಡ್‌ಇನಫ್ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಕ್ಯಾಥೋಡ್ ಕೊಟ್ಟಿತು, 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 1990ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದವರು ಒಂದು ಜಾಣತನ ಮಾಡಿದರು. ತೆಳುವಾದ ಕ್ಯಾಥೋಡ್ ಪದರವನ್ನು ಮೊದಲೇ ಸುಮಾರು 700 ಡಿಗ್ರಿಯಲ್ಲಿ ಕಾಯಿಸಿ ಮುಗಿಸಿ, ಎಲೆಕ್ಟ್ರೋಲೈಟನ್ನು ಆಮೇಲೆ ಬಿಸಿಯಿಲ್ಲದೆ ಹೊದಿಸಿದರು. ಚೆನ್ನಾಗಿ ಕೆಲಸ ಮಾಡಿತು. ಆದರೆ ಅಷ್ಟು ತೆಳು ಪದರದಲ್ಲಿ ಕಾರು ಓಡಿಸುವಷ್ಟು ಶಕ್ತಿ ತುಂಬಲು ಆಗುವುದಿಲ್ಲ.

ನಿಜವಾದ ಗೋಜಲು ಶುರುವಾಗಿದ್ದು 2007ರಲ್ಲಿ. ಜರ್ಮನಿಯ ಕೀಲ್‌ನಿಂದ ಮುರುಗನ್, ತಂಗದುರೈ ಮತ್ತು ವೆಪ್ನರ್ ಲಿಥಿಯಂ, ಲ್ಯಾಂಥನಮ್, ಜಿರ್ಕೋನಿಯಂ ಸೇರಿದ, ಗಾರ್ನೆಟ್ ಹರಳಿನ ರಚನೆಯುಳ್ಳ ಗಟ್ಟಿ ಎಲೆಕ್ಟ್ರೋಲೈಟ್ ಪ್ರಕಟಿಸಿದರು. (ಈ ತಂಗದುರೈ ಪಿಎಚ್‌ಡಿ ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ.) ಸುಟ್ಟಿದ್ದು 1230 ಡಿಗ್ರಿಯಲ್ಲಿ. ಬೇರೆಯವರು ಅದೇ ಅಳತೆ ಹಿಡಿದು ಮಾಡಿದರೂ ಕೆಲವರಿಗೆ ಮಾತ್ರ ಒಳ್ಳೆಯ ಗಾರ್ನೆಟ್ ಬಂತು. ಉಳಿದವರದ್ದರಲ್ಲಿ ಲಿಥಿಯಂ ಹರಿವು ನೂರು ಪಟ್ಟು ಕಡಿಮೆ. ಕಾರಣ ಬಿಡಿಸಿ ಹೇಳಲು 2011ರವರೆಗೆ ಕಾಯಬೇಕಾಯಿತು. ಸುಡಲು ಬಳಸಿದ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಮೂಸೆಯಿಂದ ಒಂದಿಷ್ಟು ಅಲ್ಯುಮಿನಿಯಂ ಇಳಿದು ಗಾರ್ನೆಟ್ ಸೇರುತ್ತಿತ್ತು. ಲಿಥಿಯಂ ಸಲೀಸಾಗಿ ಹರಿಯುವ ಒಳ್ಳೆಯ ರೂಪವನ್ನು ಹಿಡಿದು ನಿಲ್ಲಿಸುತ್ತಿದ್ದುದು ಅದೇ. ಉಪ್ಪು ಹಾಕಿದ್ದು ಅಡುಗೆಯವರಲ್ಲ, ಪಾತ್ರೆ!

ಇದರ ಜೊತೆ ಕ್ಯಾಥೋಡ್ ಸುಡುವುದು ಇನ್ನೂ ಕಷ್ಟ. ಗಾರ್ನೆಟ್ ಗಟ್ಟಿಯಾಗಲು 1000 ಡಿಗ್ರಿ ದಾಟಬೇಕು. ನಿಕಲ್ ಜಾಸ್ತಿ ಇರುವ ಕ್ಯಾಥೋಡ್‌ಗಳನ್ನು ತಯಾರಿಸುವುದೇ 750–800 ಡಿಗ್ರಿ ಆಸುಪಾಸಿನಲ್ಲಿ. ಸಾಸಿವೆ ಸಿಡಿಯುವ ಹೊತ್ತಿಗೆ ಬೆಳ್ಳುಳ್ಳಿ ಕರಕಲು. ಬಿಸಿಗೆ ಗಾರ್ನೆಟ್‌ನ ಲ್ಯಾಂಥನಮ್ ಕ್ಯಾಥೋಡ್‌ನ ಕೋಬಾಲ್ಟ್, ನಿಕಲ್ ಜೊತೆ ಕೂಡಿ ಗಡಿಯಲ್ಲಿ ಹೊಸ ಸಂಯುಕ್ತಗಳಾಗುತ್ತವೆ. 2011ರಲ್ಲಿ ಜಪಾನಿನ ತಂಡವೊಂದು ಕಂಡ ಅಂಥ ಪದರದ ದಪ್ಪ ಸುಮಾರು 50 ನ್ಯಾನೋಮೀಟರ್. ಲಿಥಿಯಂ ದಾರಿ ಕೆಡಿಸಲು ಅಷ್ಟೇ ಸಾಕು. ಮೂಸೆಯಿಂದ ಬಂದಿತ್ತಲ್ಲ ಆ ಅಲ್ಯುಮಿನಿಯಂ, ಅದೂ ಕ್ಯಾಥೋಡ್ ಕಡೆ ಜಾರಿಕೊಳ್ಳುತ್ತದೆ. ಗಾರ್ನೆಟ್ ಮತ್ತೆ ಹಳೆಯ ಕೆಟ್ಟ ರೂಪಕ್ಕೆ ತಿರುಗುತ್ತದೆ. ಲಿಥಿಯಂ ಬೇರೆ ಆವಿಯಾಗಿ ಹೋಗುತ್ತದೆ. ಅದಕ್ಕೇ ಮೊದಲೇ ನೂರಕ್ಕೆ ಹತ್ತರಷ್ಟು ಹೆಚ್ಚು ಹಾಕುವ, ಬಿಲ್ಲೆಯನ್ನು ಅದೇ ಪುಡಿಯಲ್ಲಿ ಹೂತು ಸುಡುವ ರೂಢಿ.

ಪರಿಹಾರಗಳೂ ಬಂದವು. 700 ಡಿಗ್ರಿಗೇ ಕರಗುವ ಲಿಥಿಯಂ ಬೋರೇಟನ್ನು ಬೆಸುಗೆಯಂತೆ ಬಳಸಿದರು. 2020ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಪಿಂಗಾಣಿಯನ್ನು ಹತ್ತೇ ಸೆಕೆಂಡಿನಲ್ಲಿ ಸುಟ್ಟು ತೋರಿಸಿದರು; ಲಿಥಿಯಂ ಓಡಿಹೋಗಲು ಪುರುಸೊತ್ತೇ ಇಲ್ಲ.

ನನಗೆ ಇದೆಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಕುಲುಮೆಯ ಗಾಳಿ. ಗಾರ್ನೆಟ್‌ಗೆ ತೇವ, ಇಂಗಾಲದ ಡೈಆಕ್ಸೈಡ್ ಎರಡೂ ಆಗುವುದಿಲ್ಲ. ಸುಮ್ಮನೆ ಹೊರಗಿಟ್ಟರೂ ಮೈಮೇಲೆ ಲಿಥಿಯಂ ಕಾರ್ಬೊನೇಟ್ ಪೊರೆ ಕಟ್ಟುತ್ತದೆ. 2022ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ನಿಕಲ್ ಕ್ಯಾಥೋಡ್ ಮತ್ತು ಗಾರ್ನೆಟ್ ಜೋಡಿಯನ್ನು ಬೇರೆ ಬೇರೆ ಅನಿಲಗಳಲ್ಲಿ ಕಾಯಿಸಿ ನೋಡಿದರು. ಇಂಗಾಲದ ಡೈಆಕ್ಸೈಡ್ ಇದ್ದಾಗ ಗಡಿ ಕೆಟ್ಟಿತು. ಬರೀ ಆಮ್ಲಜನಕದಲ್ಲಿ 700 ಡಿಗ್ರಿವರೆಗೂ ನೆಟ್ಟಗಿತ್ತು. ವಸ್ತು ಬದಲಾಗಿಲ್ಲ, ಲೇಪ ಹಚ್ಚಿಲ್ಲ. ಎಷ್ಟು ಡಿಗ್ರಿ, ಎಷ್ಟು ಗಂಟೆ ಎಂದು ಬರೆದುಕೊಳ್ಳುವ ಶ್ರದ್ಧೆ, ಯಾವ ಗಾಳಿಯಲ್ಲಿ ಎನ್ನುವಾಗಲೂ ಇದ್ದಿದ್ದರೆ ಎಷ್ಟೋ ವರ್ಷ ಉಳಿಯುತ್ತಿತ್ತೇನೋ. ಹಾಗಂತ ಇದು ದುಬಾರಿ ಕನಸೂ ಅಲ್ಲ. ನಿಕಲ್ ಕ್ಯಾಥೋಡ್ ತಯಾರಿಸುವವರು ಈಗಾಗಲೇ ಆಮ್ಲಜನಕ ಹಾಯಿಸಿಯೇ ಸುಡುತ್ತಾರೆ.

ಈ ತಾಪತ್ರಯವೇ ಬೇಡ ಎಂದು ಹಲವು ಕಾರು ಕಂಪನಿಗಳು ಸಲ್ಫೈಡ್ ಎಲೆಕ್ಟ್ರೋಲೈಟ್ ಕಡೆ ವಾಲಿವೆ. ಅದು ಮೆದು, ಒತ್ತಿದರೆ ಸಾಕು, ಕೂಡಿಕೊಳ್ಳುತ್ತದೆ. ಆದರೆ ತೇವ ತಾಗಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಬಿಡುತ್ತದೆ. ಅಲ್ಲದೆ ಕ್ಯಾಥೋಡ್ ಕಾಳುಗಳನ್ನು ಸಲ್ಫೈಡ್‌ನಿಂದ ದೂರ ಇಡಲು ಸಾಮಾನ್ಯವಾಗಿ ಲಿಥಿಯಂ ನಿಯೋಬೇಟ್‌ನ ತೆಳು ಲೇಪ ಹಚ್ಚುತ್ತಾರೆ. ಹಚ್ಚಿದ ಮೇಲೆ, 300–400 ಡಿಗ್ರಿಯ ಸಣ್ಣ ಉರಿಯಲ್ಲಿ, ಮತ್ತೆ ಕುಲುಮೆಗೇ.