ಮೂಗಿಗೂ ಕಹಿ ಗೊತ್ತಾಗುತ್ತದೆ

ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿ ಸುತ್ತಿನ ಕಣಗಳಲ್ಲೂ ದಾಲ್ ಮಿಲ್ಲುಗಳಲ್ಲೂ ಹೊಟ್ಟಿನ ದೂಳು ಏಳುತ್ತದೆ. ಅದರ ಜೊತೆಗೆ ಬ್ಯಾಕ್ಟೀರಿಯಗಳೂ ಮೂಗಿಗೆ ಸೇರುತ್ತವೆ. ಇಷ್ಟಾದರೂ ಪ್ರತಿ ಉಸಿರಿಗೂ ಸೋಂಕು ತಗಲುವುದಿಲ್ಲ. ಅದನ್ನು ತಡೆಯುವ ಏರ್ಪಾಡುಗಳಲ್ಲಿ ಒಂದು, ನಾಲಿಗೆಯ ಮೇಲಿರುವಂಥದ್ದೇ ಕಹಿ ಗ್ರಾಹಕ, ಅಂದರೆ ಕಹಿಯನ್ನು ಗುರುತಿಸುವ ಪ್ರೋಟೀನು.

ಮನುಷ್ಯರಲ್ಲಿ ಸುಮಾರು 25 ಬಗೆಯ ಕಹಿ ಗ್ರಾಹಕಗಳಿವೆ. ಶ್ವಾಸನಾಳದಲ್ಲಿ ಲೋಳೆಯನ್ನು ತಳ್ಳುವ ಕೂದಲಿನಂಥ ಸೂಕ್ಷ್ಮ ಎಳೆಗಳಾದ ಲೋಮಾಂಗಗಳ ಮೇಲೂ ಅವು ಇವೆಯೆಂದು 2009ರಲ್ಲಿ ತಿಳಿಯಿತು. 2012ರಲ್ಲಿ ಮೂಗಿನ ಕೋಶಗಳಲ್ಲಿ ಟಿ2ಆರ್38 ಎಂಬ ಗ್ರಾಹಕದ ಕೆಲಸ ಸ್ಪಷ್ಟವಾಯಿತು. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಗಳು ತಮ್ಮ ಸಂಖ್ಯೆ ಎಷ್ಟಾಯಿತೆಂದು ಪರಸ್ಪರ ತಿಳಿಯಲು ಕೆಲವು ಅಣುಗಳನ್ನು ಹೊರಬಿಡುತ್ತವೆ. ಆ ಅಣುಗಳೇ ಈ ಗ್ರಾಹಕಕ್ಕೆ ತಗಲುತ್ತವೆ. ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರಿ, ನೈಟ್ರಿಕ್ ಆಕ್ಸೈಡ್ ತಯಾರಾಗುತ್ತದೆ. ಇದು ಎರಡು ಕೆಲಸ ಮಾಡುತ್ತದೆ: ಬ್ಯಾಕ್ಟೀರಿಯಗಳನ್ನು ನೇರವಾಗಿ ಕೊಲ್ಲುತ್ತದೆ, ಲೋಮಾಂಗಗಳ ಬಡಿತವನ್ನೂ ಹೆಚ್ಚಿಸುತ್ತದೆ. ಪ್ರತಿಕಾಯಗಳು ತಯಾರಾಗಲು ದಿನಗಳು ಬೇಕು. ಇಲ್ಲಿ ನಿಮಿಷಗಳು ಸಾಕು. ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವುದು ಈ ವೇಗವೇ.

ಆದರೆ ಈ ಗ್ರಾಹಕ ಎಲ್ಲರಲ್ಲೂ ಒಂದೇ ತೆರನಾಗಿಲ್ಲ. ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ಪಿಟಿಸಿ ಎಂಬ ಕಹಿ ರಾಸಾಯನಿಕದ ಕಾಗದವನ್ನು ನಾಲಿಗೆಗೆ ಹಚ್ಚಿದಾಗ ಕೆಲವರು ಮುಖ ಕಿವುಚುತ್ತಾರೆ, ಕೆಲವರಿಗೆ ಏನೂ ಅನಿಸುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಟಿ2ಆರ್38 ಗ್ರಾಹಕದ ಎರಡು ರೂಪಗಳು; ಅವುಗಳ ನಡುವೆ ಮೂರು ಅಮೈನೊ ಆಮ್ಲಗಳಷ್ಟೇ ವ್ಯತ್ಯಾಸ. ಕಹಿ ತಿಳಿಯದ ರೂಪವನ್ನು ತಂದೆತಾಯಿ ಇಬ್ಬರಿಂದಲೂ ಪಡೆದವರ ಮೂಗಿನ ಕೋಶಗಳು ಸ್ಯೂಡೊಮೊನಾಸ್‌ನ ಅಣುಗಳಿಗೆ ತೀರ ಮಂದವಾಗಿ ಸ್ಪಂದಿಸುತ್ತವೆ. ಹಾಗೆಂದು ಅವರಿಗೆ ಸೈನಸ್ ಕಾಯಿಲೆ ಖಚಿತವೆಂದಲ್ಲ. ರಕ್ಷಣೆಗೆ ಬೇರೆ ದಾರಿಗಳೂ ಇವೆ.

ಇನ್ನು ಸಿಹಿಯ ಪಾತ್ರ ತಿರುವುಮುರುವು. ಮೂಗಿನಲ್ಲಿ ಅಲ್ಲೊಂದು ಇಲ್ಲೊಂದು ಇರುವ ಬೇರೆ ಬಗೆಯ ಕೋಶಗಳಲ್ಲಿ ಕಹಿ, ಸಿಹಿ ಎರಡೂ ಗ್ರಾಹಕಗಳಿವೆ. ಕಹಿ ತಗಲಿದರೆ ಪಕ್ಕದ ಕೋಶಗಳು ಬ್ಯಾಕ್ಟೀರಿಯನಾಶಕ ಪೆಪ್ಟೈಡುಗಳನ್ನು (ಪುಟ್ಟ ಪ್ರೋಟೀನು ತುಣುಕುಗಳನ್ನು) ಸುರಿಸುತ್ತವೆ. ಗ್ಲೂಕೋಸು ತಗಲಿದರೆ ಆ ಕೆಲಸಕ್ಕೆ ತಡೆ ಬೀಳುತ್ತದೆ. ಆರೋಗ್ಯವಂತರ ಮೂಗಿನ ದ್ರವದಲ್ಲಿ ಗ್ಲೂಕೋಸು ರಕ್ತದಲ್ಲಿರುವುದಕ್ಕಿಂತ ಸುಮಾರು ಹತ್ತು ಪಟ್ಟು ಕಡಿಮೆ. ಬ್ಯಾಕ್ಟೀರಿಯಗಳು ಹೆಚ್ಚಿ ಅದನ್ನೂ ತಿಂದಾಗ ತಡೆ ಸಡಿಲಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಲ್ಲಿ ಈ ಗ್ಲೂಕೋಸು ಏರುತ್ತದೆ. ಅವರು ರಕ್ತದ ಸಕ್ಕರೆ ನೋಡಿಕೊಳ್ಳಲು ಇದೂ ಒಂದು ಕಾರಣ.

ಲೋಳೆ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡಲು ಕಿವಿ-ಮೂಗು-ಗಂಟಲು ವೈದ್ಯರ ಬಳಿ ಸರಳ ಪರೀಕ್ಷೆಯಿದೆ. ಮೂಗಿನೊಳಗಿನ ಕೆಳ ಮಡಿಕೆಯ ಮುಂಭಾಗದಿಂದ ಸುಮಾರು 1 ಸೆಂ.ಮೀ. ಹಿಂದೆ ಸ್ಯಾಕರಿನ್ ಎಂಬ ಕೃತಕ ಸಿಹಿಯ ಪುಟ್ಟ ಚೂರು ಇಡುತ್ತಾರೆ. ಲೋಮಾಂಗಗಳು ಅದನ್ನು ಗಂಟಲಿಗೆ ತಳ್ಳಿದಾಗ ಸಿಹಿ ತಿಳಿಯುತ್ತದೆ. ಸಾಮಾನ್ಯವಾಗಿ 20 ನಿಮಿಷದೊಳಗೆ. 30 ದಾಟಿದರೆ ಹರಿವು ಮಂದವಾಗಿದೆಯೆಂದು ಅನುಮಾನ. ನಡುವೆ ಸೀನಿದರೆ, ಮೂಗು ಎಳೆದುಕೊಂಡರೆ ಲೆಕ್ಕ ತಪ್ಪುತ್ತದೆ. ಸ್ಯಾಕರಿನ್ನಿನ ರುಚಿಯೇ ತಿಳಿಯದವರಲ್ಲೂ ಫಲಿತಾಂಶ ಸುಳ್ಳಾಗುತ್ತದೆ. ಆದ್ದರಿಂದ ಕೊನೆಗೆ ನಾಲಿಗೆಯ ಮೇಲೆ ಇಟ್ಟು ನೋಡಬೇಕು.

ಹಾಗಲಕಾಯಿ ತಿಂದರೆ ಈ ಗ್ರಾಹಕಗಳು ಎಚ್ಚರಗೊಳ್ಳುತ್ತವೆಂದು ನಂಬಬೇಡಿ. ತಿಂದದ್ದು ಹೊಟ್ಟೆಗೆ ಹೋಗುತ್ತದೆ. ಬೇವಿನ ರಸವನ್ನು ಮೂಗಿಗೆ ಬಿಡುವುದಂತೂ ಬೇಡವೇ ಬೇಡ. ದೂಳಿನ ಕೆಲಸಕ್ಕೆ ಮಾಸ್ಕ್ ಇರಲಿ. ಮೂಗು ತೊಳೆಯುವುದಾದರೆ 250 ಮಿ.ಲೀ. ನೀರಿಗೆ ಸುಮಾರು 2.25 ಗ್ರಾಂ ಉಪ್ಪು, ಅಂದರೆ ಅರ್ಧ ಟೀಚಮಚಕ್ಕಿಂತ ಸ್ವಲ್ಪ ಕಡಿಮೆ. ಬೋರ್‌ವೆಲ್ ಅಥವಾ ನಲ್ಲಿ ನೀರನ್ನು ಹಾಗೇ ಬಳಸಬಾರದು, ಮಿದುಳಿಗೆ ಹತ್ತುವ ಅಮೀಬಾ ಅದರಲ್ಲಿರಬಹುದು. ಒಂದು ನಿಮಿಷ ಚೆನ್ನಾಗಿ ಕುದಿಸಿ, ಉಗುರುಬೆಚ್ಚಗಾಗುವವರೆಗೆ ಆರಿಸಿ ಬಳಸಬೇಕು.