ದಾಟಿಸುವುದು, ದುಡಿಸುವುದು: ಮಾನವ ಕಳ್ಳಸಾಗಣೆ ಮತ್ತು ಭಾರತದ ರಾಜತಾಂತ್ರಿಕ ಕ್ರಮಗಳು

ಕೆ.ಎ.ಎಸ್. ಮುಖ್ಯ ಪರೀಕ್ಷೆಗೆ ಓದುತ್ತಿರುವ ನಾವು ನಾಲ್ಕು ಜನ ಭಾನುವಾರ ಬೆಳಿಗ್ಗೆ ಕದ್ರಿ ಪಾರ್ಕಿನಲ್ಲಿ ಸೇರುತ್ತೇವೆ. ಒಬ್ಬೊಬ್ಬರು ಒಂದೊಂದು ವಿಷಯ ಹೇಳಿಕೊಡಬೇಕು. ಕಳೆದ ವಾರ ನನಗೆ ಬಂದದ್ದು ಮಾನವ ಕಳ್ಳಸಾಗಣೆ ತಡೆಯಲು ಭಾರತ ಹೊರದೇಶಗಳ ಜೊತೆ ಮಾಡಿಕೊಂಡ ಏರ್ಪಾಡುಗಳು. ಒಪ್ಪಂದಗಳ ಹೆಸರು, ಇಸವಿ ಎಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಗೆಳತಿ ಒಂದು ಪ್ರಶ್ನೆ ಕೇಳಿದಳು. ಉತ್ತರ ಬರಲಿಲ್ಲ. ಅದು ಬಗೆಹರಿಯಲು ನಾಲ್ಕು ದಿನ ಬೇಕಾಯಿತು. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ.

ಇಸವಿಗಳು

2000ದ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಗಡಿ ಮೀರಿದ ಸಂಘಟಿತ ಅಪರಾಧಗಳ ವಿರುದ್ಧದ ಒಪ್ಪಂದವನ್ನು ಅಂಗೀಕರಿಸಿತು. ಮರು ತಿಂಗಳು ಇಟಲಿಯ ಪಲೆರ್ಮೊ ನಗರದಲ್ಲಿ ದೇಶಗಳು ಸಹಿ ಹಾಕಲು ಶುರು ಮಾಡಿದವು. ಪಲೆರ್ಮೊ ಒಪ್ಪಂದ ಎಂಬ ಹೆಸರು ಬಂದದ್ದು ಹಾಗೆ. ಅದರ ಜೊತೆ ಎರಡು ಪೂರಕ ಒಪ್ಪಂದಗಳು, ಅಂದರೆ ಪ್ರೋಟೊಕಾಲ್‌ಗಳೂ ಬಂದವು: ಒಂದು ಮಾನವ ಕಳ್ಳಸಾಗಣೆಯದ್ದು, ಇನ್ನೊಂದು ವಲಸಿಗರ ಕಳ್ಳಸಾಗಣೆಯದ್ದು. ಬಂದೂಕುಗಳ ಕುರಿತ ಮೂರನೆಯದು 2001ರಲ್ಲಿ ಸೇರಿತು.

ಭಾರತ ಸಹಿ ಹಾಕಿದ್ದು 2002ರ ಡಿಸೆಂಬರ್‌ನಲ್ಲಿ. ಸ್ಥಿರೀಕರಿಸಿದ್ದು 2011ರ ಮೇ ತಿಂಗಳಲ್ಲಿ. ನನ್ನ ಹಳೆಯ ಕೋಚಿಂಗ್ ನೋಟ್ಸ್‌ನಲ್ಲಿ ಎರಡೂ ಒಂದೇ ಎಂಬಂತೆ ಇತ್ತು. ಒಂದಲ್ಲ. ಸಹಿ ಅಂದರೆ ನಿಶ್ಚಿತಾರ್ಥ, ಸ್ಥಿರೀಕರಣ ಅಂದರೆ ಧಾರೆ. ಧಾರೆ ಆದ ಮೇಲೆಯೇ ಪೂರ್ತಿ ಹೊಣೆ. ಆಮೇಲೆ 2013ರಲ್ಲಿ, ಮಹಿಳೆಯರ ಮೇಲಿನ ಅಪರಾಧಗಳ ಕಾನೂನು ಪರಿಶೀಲಿಸಿದ ವರ್ಮಾ ಸಮಿತಿ ವರದಿಯ ನಂತರ, ದಂಡಸಂಹಿತೆಯ 370ನೇ ಕಲಂ ಬದಲಾಗಿ ಮಾನವ ಕಳ್ಳಸಾಗಣೆಯ ಕಲಂ ಆಯಿತು. ಅದರ ಮಾತುಗಳು ಪಲೆರ್ಮೊ ವ್ಯಾಖ್ಯೆಗೆ ತುಂಬಾ ಹತ್ತಿರ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ.

ಗೆಳತಿಯ ಪ್ರಶ್ನೆ

2021ರ ಜೂನ್‌ನಲ್ಲಿ ಮಂಗಳೂರು ಪೊಲೀಸರು ನಮ್ಮ ಊರಿನಲ್ಲೇ ಉಳಿದುಕೊಂಡಿದ್ದ 38 ಶ್ರೀಲಂಕಾ ಪ್ರಜೆಗಳನ್ನು ಹಿಡಿದರು. ಕೆನಡಾಕ್ಕೆ ಕಳಿಸುತ್ತೇವೆ ಎಂದು ಏಜೆಂಟರು ಹಣ ಪಡೆದು, ತಮಿಳುನಾಡಿನ ಮೂಲಕ ಅವರನ್ನು ಇಲ್ಲಿಗೆ ತಂದಿದ್ದರು. ಪ್ರಕರಣ ಮುಂದೆ ರಾಷ್ಟ್ರೀಯ ತನಿಖಾ ಸಂಸ್ಥೆ ಅಂದರೆ ಎನ್‌.ಐ.ಎ.ಗೆ ಹೋಯಿತು. ಪತ್ರಿಕೆಗಳಲ್ಲಿ ‘ಮಾನವ ಕಳ್ಳಸಾಗಣೆ’ ಎಂದೇ ಬಂತು. ನಾನು ಅದನ್ನೇ ಉದಾಹರಣೆಯಾಗಿ ಕೊಟ್ಟೆ.

ಗೆಳತಿ ಕೇಳಿದಳು: “ಅವರೇ ದುಡ್ಡು ಕೊಟ್ಟು ಬಂದದ್ದಲ್ವಾ ಮಾರಾಯ್ತಿ? ಮತ್ತೆ ಅವರು ಬಲಿಪಶು ಆಗುವುದು ಹೇಗೆ?”

ನನ್ನ ಗೊಂದಲದ ಬೇರು ಪದದಲ್ಲೇ ಇತ್ತು. ಮಂಗಳೂರಿನವರಿಗೆ ಕಳ್ಳಸಾಗಣೆ ಅಂದ ಕೂಡಲೇ ನೆನಪಾಗುವುದು ಬಜಪೆ ವಿಮಾನ ನಿಲ್ದಾಣದ ಚಿನ್ನದ ಸುದ್ದಿ. ಸಾಮಾನು, ಗಡಿ, ಕಸ್ಟಮ್ಸ್‌ನವರ ಕಣ್ಣು ತಪ್ಪಿಸುವುದು. ಮನುಷ್ಯರ ವಿಷಯ ಓದುವಾಗಲೂ ತಲೆಯಲ್ಲಿ ಅದೇ ಚಿತ್ರ ಇತ್ತು. ಆದರೆ ಪಲೆರ್ಮೊದಲ್ಲಿ ಇವು ಎರಡು ಬೇರೆ ಬೇರೆ ಅಪರಾಧ. ಕನ್ನಡದಲ್ಲಿ ಎರಡಕ್ಕೂ ಕಳ್ಳಸಾಗಣೆ ಎನ್ನುತ್ತೇವೆ, ಅಲ್ಲೇ ಎಡವುತ್ತೇವೆ.

ನಾನು ಮಾಡಿಕೊಂಡ ಸೂತ್ರ ಇಷ್ಟೇ: ದಾಟಿಸಿದರೆ ಒಂದು, ದುಡಿಸಿದರೆ ಇನ್ನೊಂದು.

ವಲಸಿಗರ ಕಳ್ಳಸಾಗಣೆ ಅಂದರೆ ದಾಟಿಸುವುದು. ಹಣ ತೆಗೆದುಕೊಂಡು ಒಬ್ಬರನ್ನು ಅಕ್ರಮವಾಗಿ ಬೇರೆ ದೇಶದೊಳಗೆ ಬಿಡುವುದು. ಇಲ್ಲಿ ಗಡಿ ಇರಲೇಬೇಕು. ಮೋಸ ಹೋದದ್ದು ಆ ದೇಶದ ಕಾನೂನು. ದಾಟಿಸಿದ ಮೇಲೆ ಏಜೆಂಟನಿಗೂ ಆ ಮನುಷ್ಯನಿಗೂ ಲೆಕ್ಕ ಮುಗಿಯಿತು.

ಮಾನವ ಕಳ್ಳಸಾಗಣೆ ಅಂದರೆ ದುಡಿಸುವುದು, ಅಥವಾ ದುಡಿಸುವ ಉದ್ದೇಶದಿಂದ ಒಬ್ಬರನ್ನು ಹಿಡಿತಕ್ಕೆ ತೆಗೆದುಕೊಳ್ಳುವುದು. ದುಡಿಸುವುದು ಅಂದರೆ ಲೈಂಗಿಕ ಶೋಷಣೆಯೂ ಹೌದು, ಬಲವಂತದ ಕೆಲಸವೂ ಹೌದು, ಅಂಗಾಂಗ ತೆಗೆಯುವುದೂ ಹೌದು. ಇದು ಮನುಷ್ಯನ ಮೇಲೆಯೇ ನಡೆಯುವ ಅಪರಾಧ. ಈ ವ್ಯಾಖ್ಯೆಗೆ ಗಡಿ ಬೇಕಿಲ್ಲ. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಕರೆತಂದು ಕೂಡಿಹಾಕಿ ದುಡಿಸಿದರೂ ಅದೇ. ಸಾಗಿಸಲೇಬೇಕು ಎಂದೂ ಇಲ್ಲ. ಬೇರೆಯವರು ತಂದವರನ್ನು ಮನೆಯಲ್ಲಿ ಇರಿಸಿಕೊಂಡರೂ ಸಾಕು.

ಈಗ ಆ 38 ಜನ. ತನಿಖೆ, ನ್ಯಾಯಾಲಯ ಏನು ಹೇಳುತ್ತದೆ ಎಂಬುದು ಬೇರೆ. ನಾನು ಸುದ್ದಿಯಲ್ಲಿ ಬಂದ ಕಥೆಗೆ ಸೂತ್ರ ಹಚ್ಚಿ ನೋಡುತ್ತಿದ್ದೇನೆ. ಹಣ ಕೊಟ್ಟು ಕೆನಡಾಕ್ಕೆ ಹೊರಟದ್ದು ದಾಟಿಸುವ ಕಥೆ. ದಾರಿ ಮಧ್ಯೆ ಏಜೆಂಟ್ ‘ಸಾಲ ತೀರುವವರೆಗೆ ಇಲ್ಲೇ ದುಡಿ’ ಎಂದು ಹಿಡಿದಿಟ್ಟರೆ ಅದೇ ಕಥೆ ದುಡಿಸುವುದಾಗಿ ತಿರುಗುತ್ತದೆ. ಒಂದೇ ಮನುಷ್ಯ, ಒಂದೇ ಪ್ರಯಾಣ, ಎರಡು ಅಪರಾಧ. ಇದು ಅರ್ಥವಾದಾಗ ನನಗೆ ನಿಜವಾಗಿ ಸಮಾಧಾನ ಆಯಿತು.

ಪದದ ಮೇಲೆ ಇಷ್ಟೊಂದು ಯಾಕೆ ನಿಂತೆ ಅಂದರೆ, ಸಿಕ್ಕಿಬಿದ್ದ ಮನುಷ್ಯನನ್ನು ಮುಂದೆ ಹೇಗೆ ನಡೆಸಿಕೊಳ್ಳಬೇಕು ಎಂಬುದು ಇದರ ಮೇಲೆಯೇ ನಿಂತಿದೆ. ಬಲಿಪಶು ಎಂದು ಗುರುತಿಸಿದರೆ ವಸತಿ, ಚಿಕಿತ್ಸೆ, ಸಲಹೆ, ಪರಿಹಾರದ ಮಾತು ಬರುತ್ತದೆ. ಅವರನ್ನು ವಿನಾಕಾರಣ ತಡ ಮಾಡದೆ ವಾಪಸ್ ಕರೆಸಿಕೊಳ್ಳಬೇಕು ಎಂದು ಮಾನವ ಕಳ್ಳಸಾಗಣೆ ಪ್ರೋಟೊಕಾಲ್‌ನ 8ನೇ ವಿಧಿ ತಾಯ್ನಾಡಿಗೆ ಹೇಳುತ್ತದೆ. ದಾಟಿ ಬಂದವರು ಎಂದಾದರೆ ಇಷ್ಟು ಸಿಗುವುದಿಲ್ಲ. ತಮ್ಮನ್ನು ದಾಟಿಸಿಕೊಂಡರು ಎಂಬ ಕಾರಣಕ್ಕೆ ಅವರ ಮೇಲೆ ಕೇಸು ಹಾಕಬಾರದು ಎಂದು ವಲಸಿಗರ ಕಳ್ಳಸಾಗಣೆಯ ಪ್ರೋಟೊಕಾಲ್ ಹೇಳುತ್ತದೆ, ನಿಜ. ಆದರೆ ವೀಸಾ ಇಲ್ಲದೆ ಇದ್ದದ್ದಕ್ಕೆ ಆ ದೇಶದ ಕಾನೂನು ಶಿಕ್ಷೆ ಕೊಡಬಹುದು.

ಒಪ್ಪಿಗೆ ಕೊಟ್ಟಿದ್ದರೆ?

ಗೆಳತಿಯ ಪ್ರಶ್ನೆಯ ಇನ್ನೊಂದು ಅರ್ಧ ಇದು. ಮಾನವ ಕಳ್ಳಸಾಗಣೆ ಪ್ರೋಟೊಕಾಲ್‌ನ 3ನೇ ವಿಧಿಯಲ್ಲಿ ಮೂರು ಭಾಗ ಇವೆ. ಏನು ಮಾಡಿದರು, ಹೇಗೆ ಮಾಡಿದರು, ಯಾಕೆ ಮಾಡಿದರು. ಕರೆದೊಯ್ಯುವುದು, ಇರಿಸಿಕೊಳ್ಳುವುದು ಮೊದಲನೆಯದು. ಬೆದರಿಕೆ, ಬಲ, ಮೋಸ, ಕಷ್ಟದ ದುರುಪಯೋಗ ಎರಡನೆಯದು. ಶೋಷಣೆ ಮೂರನೆಯದು.

‘ಬಲಿಪಶುವಿನ ಒಪ್ಪಿಗೆ ಲೆಕ್ಕಕ್ಕಿಲ್ಲ’ ಎಂದು ನಾನು ಗುರುತು ಹಾಕಿಕೊಂಡಿದ್ದೆ. ಅರ್ಧ ಮಾತ್ರ ಸರಿ. ‘ಹೇಗೆ’ ಎಂಬ ಭಾಗದಲ್ಲಿ ಮೋಸವೋ ಬಲವೋ ಇದ್ದರೆ ಮಾತ್ರ ಒಪ್ಪಿಗೆ ಲೆಕ್ಕಕ್ಕಿಲ್ಲ.

ಒಂದು ಕಲ್ಪಿತ ಉದಾಹರಣೆ. ಉಳ್ಳಾಲದ ಹುಡುಗನೊಬ್ಬನಿಗೆ ಗಲ್ಫ್‌ನಲ್ಲಿ ಸೂಪರ್ ಮಾರ್ಕೆಟ್ ಕೆಲಸ ಉಂಟು ಎನ್ನುತ್ತಾರೆ. ಸಾಲ ಮಾಡಿ ಏಜೆಂಟನಿಗೆ ಹಣ ಕೊಡುತ್ತಾನೆ. ತಾನೇ ಸಹಿ ಹಾಕುತ್ತಾನೆ, ತಾನೇ ನಡೆದುಕೊಂಡು ವಿಮಾನ ಹತ್ತುತ್ತಾನೆ. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಕಿತ್ತುಕೊಂಡು, ಮರುಭೂಮಿಯ ತೋಟದಲ್ಲಿ ಸಂಬಳವಿಲ್ಲದೆ ದುಡಿಸುತ್ತಾರೆ. ಅವನು ಒಪ್ಪಿದ್ದನೇ? ಒಪ್ಪಿದ್ದ, ಸೂಪರ್ ಮಾರ್ಕೆಟ್‌ಗೆ. ಆ ಒಪ್ಪಿಗೆಯನ್ನು ಮೋಸದಿಂದ ಪಡೆದರು. ಹಾಗಾಗಿ ‘ನೀನೇ ಬಂದೆಯಲ್ಲ’ ಎಂಬ ವಾದ ನಿಲ್ಲುವುದಿಲ್ಲ.

ಹುಡುಗನಿಗೆ 17 ವರ್ಷ ಎಂದುಕೊಳ್ಳಿ. ಆಗ ‘ಹೇಗೆ’ ಎಂಬ ಭಾಗವನ್ನು ನೋಡುವುದೇ ಬೇಡ. 18 ತುಂಬದವರ ವಿಷಯದಲ್ಲಿ ಕೃತ್ಯ ಮತ್ತು ಉದ್ದೇಶ ಎರಡೇ ಸಾಕು. ಮೋಸ ಮಾಡದಿದ್ದರೂ ಅಪರಾಧವೇ.

ಈ ಹುಡುಗ ಎಸ್‌.ಎಸ್‌.ಎಲ್‌.ಸಿ. ಪಾಸಾಗಿಲ್ಲದಿದ್ದರೆ ಅವನ ಪಾಸ್‌ಪೋರ್ಟ್ ಇ.ಸಿ.ಆರ್. ವರ್ಗದ್ದು, ಅಂದರೆ ಕೆಲಸಕ್ಕೆ ವಿದೇಶಕ್ಕೆ ಹೋಗುವ ಮೊದಲು ತಪಾಸಣೆ ಬೇಕಾದದ್ದು. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆ ಪ್ರಕಾರ ಅನುಮತಿ ಬೇಕು. ಇ-ಮೈಗ್ರೇಟ್ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಏಜೆಂಟ್ ನೋಂದಾಯಿತನೇ, ಕರಾರು ಸರಿಯಿದೆಯೇ ಎಂದು ನೋಡುತ್ತಾರೆ. ವಿಸಿಟ್ ವೀಸಾದಲ್ಲಿ ಕಳಿಸಿದರೆ ಈ ತಪಾಸಣೆಯನ್ನೆಲ್ಲ ತಪ್ಪಿಸಿದ ಹಾಗೆ. ನಮ್ಮ ಕರಾವಳಿಯಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿ ಇರುವಂತಹ ಊರುಗಳಿವೆ. ಇದನ್ನು ಪರೀಕ್ಷೆಗೆ ಮಾತ್ರ ಓದಬೇಡಿ. ‘ವಿಸಿಟ್‌ನಲ್ಲಿ ಹೋಗು, ಅಲ್ಲಿ ಸರಿ ಮಾಡುವ’ ಎಂದು ಯಾರಾದರೂ ಹೇಳಿದರೆ, ದಯವಿಟ್ಟು ಮನೆಯವರಿಗೂ ಇದನ್ನು ಹೇಳಿ.

ದೇಶಗಳ ನಡುವಿನ ಏರ್ಪಾಡು

ಸಾರ್ಕ್ ದೇಶಗಳು 2002ರ ಜನವರಿಯಲ್ಲಿ ಕಠ್ಮಂಡುವಿನಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಅದು ವೇಶ್ಯಾವಾಟಿಕೆಗಾಗಿ ಮಹಿಳೆಯರು, ಮಕ್ಕಳನ್ನು ಸಾಗಿಸುವುದಕ್ಕೆ ಮಾತ್ರ. ಮೇಲಿನ ಉಳ್ಳಾಲದ ಹುಡುಗ ಅದರಲ್ಲಿ ಬರುವುದೇ ಇಲ್ಲ.

ಹಾಗಾಗಿ ಒಂದೊಂದೇ ದೇಶದ ಜೊತೆ ಮಾತುಕತೆ ಬೇಕಾಯಿತು. ಬಾಂಗ್ಲಾದೇಶದ ಜೊತೆ 2015ರ ಜೂನ್, ಯು.ಎ.ಇ. ಜೊತೆ 2017ರ ಜನವರಿ, ಕಾಂಬೋಡಿಯಾ ಜೊತೆ 2018ರ ಜನವರಿ, ಮ್ಯಾನ್ಮಾರ್ ಜೊತೆ 2020ರ ಫೆಬ್ರವರಿ. ಎಲ್ಲವೂ ತಿಳಿವಳಿಕೆ ಪತ್ರಗಳು. ಇವುಗಳಲ್ಲಿ ನಾನು ಮುಖ್ಯ ಎಂದುಕೊಂಡಿರುವುದು ವಾಪಸಾತಿ. ಸಿಕ್ಕ ವ್ಯಕ್ತಿ ಯಾವ ದೇಶದವರು ಎಂದು ಖಚಿತವಾಗದೆ ಪ್ರಯಾಣದ ಕಾಗದ ಸಿಗುವುದಿಲ್ಲ. ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿರುತ್ತದೆ, ಮನೆಯ ವಿಳಾಸ ಹೇಳಲು ಮಗುವಿಗೆ ಗೊತ್ತಿರುವುದಿಲ್ಲ. ಊರಿನ ಠಾಣೆಯಿಂದ ಉತ್ತರ ಬರುವವರೆಗೆ ಅವರು ಆಶ್ರಯ ಮನೆಯಲ್ಲೇ ದಿನ ಎಣಿಸಬೇಕು.

ಭಾರತೀಯ ರಾಯಭಾರ ಕಚೇರಿಗಳ ಬಳಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕಷ್ಟದಲ್ಲಿರುವವರಿಗೆ ಉಳಿಯಲು ಜಾಗ, ವಿಮಾನದ ಟಿಕೆಟ್, ವಕೀಲರ ನೆರವು ಅದರಿಂದಲೇ.

ಮಾನವ ಕಳ್ಳಸಾಗಣೆ ಕುರಿತ ಅಮೆರಿಕದ ಟಿ.ಐ.ಪಿ. ವರದಿ ಬಗ್ಗೆ ಎರಡೇ ಸಾಲು. 2001ರಿಂದ ವರ್ಷ ವರ್ಷ ಬರುತ್ತಿರುವ ಈ ವರದಿ ದೇಶಗಳನ್ನು ದರ್ಜೆಗಳಲ್ಲಿ ಇಡುತ್ತದೆ, ಭಾರತ 2011ರಲ್ಲಿ ನಿಗಾ ಪಟ್ಟಿಯಿಂದ ಎರಡನೇ ದರ್ಜೆಗೆ ಬಂತು. ಇದು ಒಂದು ದೇಶದ ಸ್ವಂತ ಕಾನೂನಿನ ಅಳತೆ, ಒಪ್ಪಂದವಲ್ಲ. ಉತ್ತರ ಬರೆಯುವಾಗ ಪಲೆರ್ಮೊ ಜೊತೆ ಸೇರಿಸಬೇಡಿ.

ಮೇ ಸೋಟ್

2025ರ ಮಾರ್ಚ್‌ನಲ್ಲಿ ವಾಯುಪಡೆಯ ಎರಡು ವಿಮಾನಗಳು ಥಾಯ್ಲೆಂಡಿನ ಮೇ ಸೋಟ್‌ನಿಂದ 549 ಭಾರತೀಯರನ್ನು ಕರೆತಂದವು. ಅವರು ಇದ್ದದ್ದು ಗಡಿಯಾಚೆ, ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ. ಆ ಕೇಂದ್ರಗಳ ಕಥೆ ಸಾಮಾನ್ಯವಾಗಿ ಹೀಗೆ: ಕಂಪ್ಯೂಟರ್ ಕೆಲಸ ಎಂದು ಕರೆಯುತ್ತಾರೆ, ಗಡಿ ದಾಟಿಸುತ್ತಾರೆ, ಕೂಡಿಹಾಕುತ್ತಾರೆ, ಫೋನಿನಲ್ಲಿ ಜನರಿಗೆ ಮೋಸ ಮಾಡಿಸುತ್ತಾರೆ.

ಸೂತ್ರ ಹಚ್ಚಿದರೆ ಹಾಗೆ ಸಿಕ್ಕಿಬಿದ್ದವರಿಗೆ ದಾಟಿಸುವುದೂ ಆಯಿತು, ದುಡಿಸುವುದೂ ಆಯಿತು. ಆದರೆ ಅವರ ಕೈಯಿಂದ ಬೇರೆಯವರಿಗೆ ನಷ್ಟವೂ ಆಗಿದೆ. ಬಲವಂತದಿಂದ ಮಾಡಿದ ಅಪರಾಧಕ್ಕೆ ಬಲಿಪಶುವನ್ನು ಶಿಕ್ಷಿಸಬಾರದು ಎಂಬ ಸಾಲು ಪಲೆರ್ಮೊ ಪ್ರೋಟೊಕಾಲ್‌ನಲ್ಲಿ ಇಲ್ಲ. ನಾನು ಎರಡು ಸಲ ಹುಡುಕಿದೆ. ಅದು ಇರುವುದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2002ರಲ್ಲಿ ಕೊಟ್ಟ ಶಿಫಾರಸುಗಳಲ್ಲಿ. ಶಿಫಾರಸು ದೇಶಗಳನ್ನು ಕಟ್ಟಿಹಾಕುವುದಿಲ್ಲ. ಹಾಗಾಗಿ ಮರಳಿ ಬಂದವರಲ್ಲಿ ಯಾರು ಸಿಕ್ಕಿಬಿದ್ದವರು, ಯಾರು ಬೇರೆಯವರನ್ನು ಸಿಕ್ಕಿಸಿದ ಏಜೆಂಟರು ಎಂದು ಬೇರ್ಪಡಿಸುವ ಕೆಲಸ ಊರಿಗೆ ಬಂದ ಮೇಲೆ, ಇಲ್ಲಿನ ತನಿಖಾಧಿಕಾರಿಯ ಮೇಜಿನ ಮೇಲೆಯೇ ನಡೆಯಬೇಕು.