ವಾಕರ್ ಮೋಟಿಫ್: ಎಟಿಪೇಸ್ ಕಿಣ್ವಗಳ ಹೆಗ್ಗುರುತು

ಜೀವಕೋಶದಲ್ಲಿ ಶಕ್ತಿಯನ್ನು ಹೊತ್ತೊಯ್ಯುವ ಎಟಿಪಿ ಅಣುವನ್ನು ಒಡೆದು, ಆಗ ಬಿಡುಗಡೆಯಾಗುವ ಶಕ್ತಿಯಿಂದ ಕೆಲಸ ಮಾಡುವ ಕಿಣ್ವಗಳನ್ನು ಎಟಿಪೇಸ್ ಎನ್ನುತ್ತಾರೆ. ಸ್ನಾಯುವನ್ನು ಸಂಕುಚಿಸುವ ಮಯೋಸಿನ್‌ಗೂ ಬ್ಯಾಕ್ಟೀರಿಯಾದಲ್ಲಿ ತುಂಡಾದ ಡಿಎನ್‌ಎಯ ದುರಸ್ತಿಗೆ ನೆರವಾಗುವ ರೆಕ್‌ಎಗೂ ಮೇಲ್ನೋಟಕ್ಕೆ ಯಾವ ನಂಟೂ ಕಾಣದು. ಆದರೆ ಇಂಥ ಹಲವು ಪ್ರೋಟೀನುಗಳು ಎಟಿಪಿಯನ್ನು ಹಿಡಿಯುವ ಜಾಗದಲ್ಲಿ ಒಂದೇ ಬಗೆಯ ಅಮೈನೋ ಆಮ್ಲಗಳ ಸಾಲನ್ನು ಉಳಿಸಿಕೊಂಡಿವೆ ಎಂದು ಕೇಂಬ್ರಿಡ್ಜ್‌ನ ಜಾನ್ ವಾಕರ್ ಮತ್ತು ಸಂಗಡಿಗರು 1982ರಲ್ಲಿ ಅನುಕ್ರಮಗಳನ್ನು ಹೋಲಿಸಿ ತೋರಿಸಿದರು. ಆ ಸಾಲೇ ವಾಕರ್ ಎ ಮೋಟಿಫ್.

ಹೋಲಿಕೆ ಎಂದರೇನೆಂದು ಕಣ್ಣಾರೆ ನೋಡಬಹುದು. ಎಟಿಪಿಯನ್ನು ತಯಾರಿಸುವ ಎಟಿಪಿ ಸಿಂಥೇಸ್‌ನ ಬೀಟಾ ಘಟಕದಲ್ಲಿ ಈ ಸಾಲಿನ ಎಂಟು ಸ್ಥಾನಗಳು ಗ್ಲೈಸಿನ್, ಗ್ಲೈಸಿನ್, ಅಲನಿನ್, ಗ್ಲೈಸಿನ್, ವ್ಯಾಲೀನ್, ಗ್ಲೈಸಿನ್, ಲೈಸಿನ್, ಥ್ರಿಯೊನಿನ್ ಎಂದಿವೆ. ರೆಕ್‌ಎಯಲ್ಲಿ ಗ್ಲೈಸಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ, ಸೆರಿನ್, ಸೆರಿನ್, ಗ್ಲೈಸಿನ್, ಲೈಸಿನ್, ಥ್ರಿಯೊನಿನ್. ನಡುವಿನ ನಾಲ್ಕೂ ಬದಲಾಗಿವೆ, ಮೊದಲನೆಯದು ಮತ್ತು ಕೊನೆಯ ಮೂರು ಮಾತ್ರ ಕದಲಿಲ್ಲ. ಇದಕ್ಕೆ ಕಾರಣವಿದೆ: ಗ್ಲೈಸಿನ್‌ಗಳಿಂದಾಗಿ ಪ್ರೋಟೀನಿನ ಸರಪಣಿ ಎಟಿಪಿಯ ಫಾಸ್ಫೇಟುಗಳ ಸುತ್ತ ಬಿಗಿಯಾಗಿ ಬಾಗುತ್ತದೆ, ಧನಾವೇಶದ ಲೈಸಿನ್ ಆ ಫಾಸ್ಫೇಟುಗಳನ್ನು ಹಿಡಿಯುತ್ತದೆ, ಥ್ರಿಯೊನಿನ್ ಅಥವಾ ಅದರ ಜಾಗದಲ್ಲಿ ಬರುವ ಸೆರಿನ್ ಮೆಗ್ನೀಸಿಯಂ ಅಯಾನನ್ನು ಕಟ್ಟಿಹಾಕುತ್ತದೆ.

ಆದರೆ ಸಾಲು ಸಿಕ್ಕಿದ ಮಾತ್ರಕ್ಕೆ ಎಟಿಪೇಸ್ ಡೊಮೇನ್, ಅಂದರೆ ಎಟಿಪಿ ಒಡೆಯುವ ಕೆಲಸಕ್ಕೆಂದೇ ಮಡಿಚಿಕೊಂಡ ಪ್ರೋಟೀನಿನ ಭಾಗ, ಸಿಕ್ಕಿತೆಂದು ಹೇಳಲಾಗದು; ಈ ಎಚ್ಚರ ನನಗೆ ಬಹಳ ಮುಖ್ಯವೆನಿಸುತ್ತದೆ. ಇಪ್ಪತ್ತು ಅಮೈನೋ ಆಮ್ಲಗಳೂ ಸಮಪ್ರಮಾಣದಲ್ಲಿ ಇವೆಯೆಂದುಕೊಂಡರೂ ಈ ವಿನ್ಯಾಸ ಸುಮಾರು 80,000 ಸ್ಥಾನಗಳಿಗೊಮ್ಮೆ ಆಕಸ್ಮಿಕವಾಗಿ ಒದಗುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾದ ಪ್ರೋಟೀನುಗಳಲ್ಲಿ ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಅಮೈನೋ ಆಮ್ಲಗಳಿರುವುದರಿಂದ ಹತ್ತಾರು ಹುಸಿ ಹೊಂದಿಕೆಗಳನ್ನು ನಿರೀಕ್ಷಿಸಲೇಬೇಕು. ಆದ್ದರಿಂದ ಅನುಕ್ರಮದ ಮುಂದಿನ ಭಾಗದಲ್ಲಿ ವಾಕರ್ ಬಿ ಮೋಟಿಫ್, ಅಂದರೆ ಜಲವಿರೋಧಿ ಅಮೈನೋ ಆಮ್ಲಗಳ ಬೆನ್ನಿಗೇ ಬರುವ ಆಸ್ಪಾರ್ಟಿಕ್ ಆಮ್ಲ, ಇದೆಯೇ ಎಂದು ನೋಡುತ್ತಾರೆ. ಇಡೀ ಡೊಮೇನಿನ ಪ್ರತಿ ಸ್ಥಾನದಲ್ಲೂ ಯಾವ ಅಮೈನೋ ಆಮ್ಲ ಬರುವ ಸಂಭವ ಎಷ್ಟೆಂದು ದಾಖಲಿಸಿದ ಮಾದರಿಯೊಂದಿಗೆ ಅನುಕ್ರಮವನ್ನು ತಾಳೆ ಹಾಕುತ್ತಾರೆ. ಹಾಗೆ ನೋಡಿದಾಗ ಮನುಷ್ಯನ ಪಿ97 ಎಂಬ ಒಂದೇ ಪ್ರೋಟೀನಿನಲ್ಲಿ ಇಂಥ ಎರಡು ಡೊಮೇನುಗಳು ಒಂದರ ಹಿಂದೊಂದು ಇರುವುದು ಸ್ಪಷ್ಟವಾಗುತ್ತದೆ.

ಸಾಲು ಇಲ್ಲದಿದ್ದರೆ ಎಟಿಪೇಸ್ ಅಲ್ಲವೆಂದೂ ತೀರ್ಮಾನಿಸುವಂತಿಲ್ಲ. 1997ರಲ್ಲಿ ವಾಕರ್ ಅವರೊಂದಿಗೆ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಯೆನ್ಸ್ ಸ್ಕೋ ಕಂಡುಹಿಡಿದ ಸೋಡಿಯಂ-ಪೊಟ್ಯಾಸಿಯಂ ಪಂಪ್ ಕೂಡ ಎಟಿಪೇಸೇ. ಅದರ ಸರಪಣಿ ಮಡಿಚಿಕೊಳ್ಳುವ ರೀತಿಯೇ ಬೇರೆ. ಅಲ್ಲಿ ಎಟಿಪಿಯ ಫಾಸ್ಫೇಟ್ ಒಂದು ಆಸ್ಪಾರ್ಟಿಕ್ ಆಮ್ಲಕ್ಕೆ ಅಂಟಿಕೊಳ್ಳುತ್ತದೆ, ಮತ್ತು ಆ ಬಳಗದಲ್ಲಿ ಉಳಿದುಬಂದಿರುವುದು ಆ ಆಮ್ಲದ ಆಸುಪಾಸಿನ ಸಾಲು.